ಆನೆ ಲದ್ದಿ, ಡಾಲ್ಫಿನ್ ರಕ್ತ: ಸ್ಟ್ರೆಸ್ ಕಡಿಮೆ ಬಂತು ಅಂದ್ರೆ ಆರೋಗ್ಯ ಚೆನ್ನಾಗಿದೆ ಅಂತಾನಾ?

(ಈ ವಾರದ ವಿಜ್ಞಾನ ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ವಿಜಯನಗರದಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಕಾಡುಪ್ರಾಣಿಗಳ ಆರೋಗ್ಯ. ಅದನ್ನ ಅಳೆಯೋದು ಹೇಗೆ, ಅಳೆದಾಗ ಬಂದ ಅಂಕಿಯನ್ನ ಓದೋದು ಹೇಗೆ ಅನ್ನೋದು.

ಮೊದಲಿಗೆ ಎರಡು ಸಂಶೋಧನೆಗಳ ಫಲಿತಾಂಶ ಹೇಳಿಬಿಡ್ತೀನಿ. ಒಂದು ನಮ್ಮ ಹಾಸನದ್ದು. ಅಲ್ಲಿ ತೋಟ, ಗದ್ದೆಗೆ ನುಗ್ಗಿ ಬೆಳೆ ತಿನ್ನೋ ಕಾಡಾನೆಗಳಲ್ಲಿ ಒತ್ತಡದ ಹಾರ್ಮೋನು, ಅಂದ್ರೆ ಸ್ಟ್ರೆಸ್ ಹಾರ್ಮೋನು, ಅಭಯಾರಣ್ಯದ ಆನೆಗಳಿಗಿಂತ ಕಡಿಮೆ ಇತ್ತು. ಇನ್ನೊಂದು ಅಮೆರಿಕದ ಲೂಸಿಯಾನಾ ಕರಾವಳಿಯದ್ದು. ಕಚ್ಚಾ ತೈಲ ಸೋರಿದ ಕೊಲ್ಲಿಯಲ್ಲಿ ಬದುಕಿದ್ದ ಡಾಲ್ಫಿನ್‌ಗಳಲ್ಲೂ ಸ್ಟ್ರೆಸ್ ಹಾರ್ಮೋನು ಕಡಿಮೆ ಇತ್ತು.

ಎರಡೂ ಕಡೆ 'ಕಡಿಮೆ'. ಆದರೆ ಹಾಸನದಲ್ಲಿ ಅದರ ಅರ್ಥ 'ಹೊಟ್ಟೆ ತುಂಬಿದೆ'. ಲೂಸಿಯಾನಾದಲ್ಲಿ ಅದರ ಅರ್ಥ 'ಗ್ರಂಥಿಯೇ ಕೆಟ್ಟಿದೆ'. ಒಂದೇ ಅಂಕಿಗೆ ಎರಡು ತದ್ವಿರುದ್ಧ ಅರ್ಥ. ಹಾಗಾದ್ರೆ ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಈಗ ಬರ್ತಿರೋ ಒಂದು ಹೊಸ ದಾರಿ, ರಕ್ತದಲ್ಲಿ ಜೀನ್‌ಗಳ ಚಟುವಟಿಕೆಯನ್ನ ಓದೋದು. ಇವತ್ತು ಅದರ ಬಗ್ಗೆ ಮಾತಾಡೋಣ.

ಕಾರ್ಟಿಸಾಲ್ ಅಂದ್ರೇನು?

ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿ ಮೇಲೆ ಅಡ್ರಿನಲ್ ಅಂತ ಪುಟ್ಟ ಗ್ರಂಥಿ ಇದೆ. ಆನೆಗೂ ಇದೆ, ಡಾಲ್ಫಿನ್‌ಗೂ ಇದೆ. ಅಪಾಯ ಬಂದಾಗ, ಹಸಿವಾದಾಗ, ಯಾರಾದ್ರೂ ಅಟ್ಟಿಸಿಕೊಂಡು ಬಂದಾಗ ಅದು ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನ ರಕ್ತಕ್ಕೆ ಬಿಡುತ್ತೆ. ಮನೇಲಿ ಕಷ್ಟಕಾಲಕ್ಕೆ ಅಂತ ಡಬ್ಬಿಯಲ್ಲಿ ಇಟ್ಟಿರೋ ದುಡ್ಡು ಹೊರಗೆ ತೆಗೀತೀವಲ್ಲ, ಹಾಗೆ. ದೇಹ ತನ್ನ ದಾಸ್ತಾನಿನಿಂದ ಸಕ್ಕರೆ ತೆಗೆದು ಮಾಂಸಖಂಡಕ್ಕೆ, ಮೆದುಳಿಗೆ ಕೊಡುತ್ತೆ. ನಾಲ್ಕು ದಿನ ಹೀಗಾದ್ರೆ ತೊಂದರೆ ಇಲ್ಲ. ತಿಂಗಳುಗಟ್ಟಲೆ ಡಬ್ಬಿ ಬರಿದು ಮಾಡ್ತಾ ಇದ್ರೆ ರೋಗ ತಡೆಯೋ ಶಕ್ತಿ ಕುಗ್ಗುತ್ತೆ, ಮರಿ ಹಾಕೋ ಸಾಮರ್ಥ್ಯ ಕುಗ್ಗುತ್ತೆ.

ಕಾಡಾನೆಯ ಕಾರ್ಟಿಸಾಲ್ ಅಳೆಯೋದು ಹೇಗೆ? ಬಸವೇಶ್ವರನಗರದ ಲ್ಯಾಬಿಗೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿ ಕೈ ಚಾಚಿ ಕೂತ್ಕೊಳ್ಳೋ ಹಾಗೆ ಅದು ಕೂರಲ್ಲ. ಅರಿವಳಿಕೆ ಚುಚ್ಚುಮದ್ದು ಹೊಡೆದು ರಕ್ತ ತೆಗೆಯಬೇಕು ಅಂದ್ರೆ, ಆ ಗಲಾಟೆಗೇ ಕಾರ್ಟಿಸಾಲ್ ಏರಿಬಿಡುತ್ತೆ. ಅದಕ್ಕೇ ವಿಜ್ಞಾನಿಗಳು ಲದ್ದಿ ಹಿಡಿದರು. ರಕ್ತದಲ್ಲಿ ಓಡಾಡಿದ ಹಾರ್ಮೋನು ಯಕೃತ್ತಿನಲ್ಲಿ ಒಡೆದು, ಕರುಳಿಗೆ ಇಳಿದು, ಒಂದೆರಡು ದಿನದಲ್ಲಿ ಲದ್ದಿ ಜೊತೆ ಹೊರಗೆ ಬರುತ್ತೆ. ಹಾಗಾಗಿ ಆನೆಯನ್ನ ಮುಟ್ಟದೇ, ಹೆದರಿಸದೇ, ಅದರ ಕಳೆದೆರಡು ದಿನದ ಲೆಕ್ಕ ಸಿಗುತ್ತೆ.

ಟಾಟಾ ಇನ್‌ಸ್ಟಿಟ್ಯೂಟ್‌ನವರು ಕಂಡಿದ್ದು

ಈ ಕೆಲಸ ನಡೆದಿದ್ದು ನಮಗೆ ಹತ್ತಿರದಲ್ಲೇ. ರಾಜಾಜಿನಗರದಿಂದ ಯಶವಂತಪುರದ ಕಡೆ ಹೊರಟ್ರೆ ಸಿಗೋ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅಲ್ಲಿ. ಸಂಜೀತಾ ಶರ್ಮಾ ಪೋಖರೆಲ್, ಪೊಲಾನಿ ಶೇಷಗಿರಿ ಮತ್ತು ರಾಮನ್ ಸುಕುಮಾರ್ ಸೇರಿ ಮಾಡಿದ್ದು. ಸುಕುಮಾರ್ ಅವರ ಹೆಸರು ಆನೆ ಬಗ್ಗೆ ಓದೋ ಎಲ್ಲರಿಗೂ ಪರಿಚಯ.

2017ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಬಂಡೀಪುರ ಮತ್ತು ಪಕ್ಕದ ಮುದುಮಲೆಯ ಆನೆಗಳ ಲದ್ದಿ ಸಂಗ್ರಹಿಸಿದರು. ಜೊತೆಗೆ ಪ್ರತಿ ಆನೆಗೂ ಮೈಕಟ್ಟಿನ ಅಂಕ ಕೊಟ್ಟರು, 1ರಿಂದ 5ರವರೆಗೆ. ಪಕ್ಕೆಲುಬು ಎದ್ದು ಕಾಣ್ತಾ, ಬೆನ್ನೆಲುಬು ಮೊನಚಾಗಿದ್ಯಾ, ಕಣ್ಣಿನ ಮೇಲ್ಭಾಗ ಗುಳಿ ಬಿದ್ದಿದ್ಯಾ, ಇದನ್ನೆಲ್ಲ ನೋಡಿ. ಫಲಿತಾಂಶ ನಾವು ಊಹಿಸೋ ಹಾಗೇ ಬಂತು. ಬಡಕಲು ಆನೆಗಳಲ್ಲಿ ಸ್ಟ್ರೆಸ್ ಹಾರ್ಮೋನು ಜಾಸ್ತಿ. ಬೇಸಿಗೆಯಲ್ಲಿ ಮೈ ಇಳಿಯುತ್ತೆ, ಹಾರ್ಮೋನು ಏರುತ್ತೆ. ಅಂದ್ರೆ ಲದ್ದಿಯ ಪರೀಕ್ಷೆ ಸರಿಯಾಗೇ ಮಾತಾಡ್ತಿದೆ ಅಂತ ಖಾತ್ರಿ ಆಯ್ತು.

ಆಮೇಲೆ ಅದೇ ಅಳತೆಗೋಲು ಹಿಡಿದು ಹಾಸನಕ್ಕೆ ಹೋದರು. ಅಲ್ಲಿ ಪಟಾಕಿ, ತಮಟೆ, ಜೀಪು, ಟಾರ್ಚು, ಜನರ ಕೂಗು. ಆನೆಗೆ ನೆಮ್ಮದಿ ಎಲ್ಲಿಂದ ಬರಬೇಕು? ನಾಗರಹೊಳೆ, ಬಂಡೀಪುರದ ಆನೆಗಿಂತ ಇವುಗಳ ಸ್ಟ್ರೆಸ್ ಜಾಸ್ತಿನೇ ಇರುತ್ತೆ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಬಂದಿದ್ದು ಉಲ್ಟಾ. ಬೆಳೆ ತಿನ್ನೋ ಆನೆಗಳಲ್ಲೇ ಕಡಿಮೆ. ಕಾರಣ ಹುಡುಕಿದಾಗ ಲದ್ದಿಯಲ್ಲಿ ಸಾರಜನಕದ ಪ್ರಮಾಣ ಚೆನ್ನಾಗಿತ್ತು. ಅಂದ್ರೆ ಪ್ರೋಟೀನ್ ಹೆಚ್ಚಿರೋ ಊಟ. ಭತ್ತ, ಬಾಳೆ, ಹಸಿರು ಮೇವು. ಒಳ್ಳೆ ಊಟ ಒತ್ತಡವನ್ನ ತಣಿಸಿರಬಹುದು ಅನ್ನೋದು ಅವರ ತೀರ್ಮಾನ. ಇದು 2019ರಲ್ಲಿ ಪ್ರಕಟವಾಯ್ತು.

ಇದು ಬರೀ ಕುತೂಹಲದ ವಿಷಯ ಅಲ್ಲ. 2014ರ ಹೊತ್ತಿಗೆ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನ ಹಿಡಿದು ಸಾಗಿಸಿದ್ರು. ಕೆಲವೇ ವರ್ಷದಲ್ಲಿ ಆ ಜಾಗಕ್ಕೆ ಬೇರೆ ಆನೆಗಳು ಬಂದವು. ಆನೆ ದಾರಿ ತಪ್ಪಿ ಬಂದು ಒದ್ದಾಡ್ತಿದೆ, ಅದನ್ನ ಕಾಡಿಗೆ ಬಿಟ್ರೆ ನೆಮ್ಮದಿಯಾಗಿರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಲದ್ದಿ ಹೇಳ್ತಿರೋದು ಬೇರೆ: ಅದು ಇಲ್ಲಿ ಚೆನ್ನಾಗಿ ಉಂಡು ಬೆಳೀತಿದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ನಮ್ಮ ದಸರಾ ಅರ್ಜುನ ಸತ್ತ. 8 ಸಲ ಅಂಬಾರಿ ಹೊತ್ತವನು. ಅಲ್ಲಿನ ಕೂಲಿಕಾರರು, ಬೆಳೆಗಾರರು ಎಷ್ಟು ಜನ ಪ್ರಾಣ ಕಳ್ಕೊಂಡಿದಾರೆ. ಎರಡೂ ಕಡೆ ಸಾವು ಇರುವಾಗ, ಆನೆ ದೇಹ ಏನು ಹೇಳ್ತಿದೆ ಅಂತ ಸರಿಯಾಗಿ ಓದೋದು ಮುಖ್ಯ ಆಗುತ್ತೆ.

ಈಗ ಡಾಲ್ಫಿನ್ ಕತೆಗೆ ಬರೋಣ

2010ರ ಏಪ್ರಿಲ್ 20. ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನೋ ತೈಲ ಕೊರೆಯುವ ರಿಗ್ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ಸಮುದ್ರದ ತಳದ ಬಾವಿಯಿಂದ 87 ದಿನ ತೈಲ ಸುರೀತು. ಲೂಸಿಯಾನಾದ ಬರಟೇರಿಯಾ ಕೊಲ್ಲಿಗೆ ಅದರ ಹೊಡೆತ ಜೋರಾಗಿ ಬಿತ್ತು. ಡಾಲ್ಫಿನ್ ನಮ್ಮ ಹಾಗೇ ಶ್ವಾಸಕೋಶದಿಂದ ಉಸಿರಾಡೋ ಸಸ್ತನಿ. ನೀರಿನ ಮೇಲೆ ಬಂದು ಉಸಿರು ಎಳ್ಕೊಳ್ಳೋ ಜಾಗದಲ್ಲೇ ತೈಲದ ಪದರ, ಅದರ ಹೊಗೆ, ಆವಿ.

2011ರ ಆಗಸ್ಟ್‌ನಲ್ಲಿ ಲೋರಿ ಶ್ವಾಕೆ ಅವರ ತಂಡ ಅಲ್ಲಿ 32 ಡಾಲ್ಫಿನ್‌ಗಳನ್ನ ಬಲೆ ಹಾಕಿ ಹಿಡಿದು, ಪರೀಕ್ಷೆ ಮಾಡಿ ಬಿಟ್ಟಿತು. ಹೋಲಿಕೆಗೆ ಫ್ಲೋರಿಡಾದ ಸರಸೋಟಾ ಕೊಲ್ಲಿಯ ಡಾಲ್ಫಿನ್‌ಗಳು. ಅಲ್ಲಿಗೆ ತೈಲ ತಲುಪಿರಲಿಲ್ಲ, ಜೊತೆಗೆ 1970ರಿಂದಲೂ ಅಲ್ಲಿನ ಡಾಲ್ಫಿನ್‌ಗಳ ದಾಖಲೆ ಇದೆ. ಬರಟೇರಿಯಾದಲ್ಲಿ ಗಂಭೀರ ಶ್ವಾಸಕೋಶದ ತೊಂದರೆ ಕಾಣಿಸೋ ಸಾಧ್ಯತೆ 5 ಪಟ್ಟು ಹೆಚ್ಚು ಇತ್ತು. 100ಕ್ಕೆ 17 ಡಾಲ್ಫಿನ್‌ಗಳ ಸ್ಥಿತಿ, ಬದುಕೋದೇ ಕಷ್ಟ ಅನ್ನೋ ಹಾಗಿತ್ತು. ಮುಂದೆ ಅಲ್ಲಿನ ಗರ್ಭಿಣಿ ಡಾಲ್ಫಿನ್‌ಗಳನ್ನ ಹಿಂಬಾಲಿಸಿ ನೋಡಿದಾಗ 10ರಲ್ಲಿ 2 ಮಾತ್ರ ಬದುಕುಳಿಯೋ ಮರಿ ಹಾಕಿದ್ದವು.

ಇನ್ನು ಕಾರ್ಟಿಸಾಲ್. ಬಲೆಯಲ್ಲಿ ಹಿಡಿದು ಜನ ಸುತ್ತ ನಿಂತಾಗ ಯಾವ ಆರೋಗ್ಯವಂತ ಪ್ರಾಣಿಗಾದ್ರೂ ಕಾರ್ಟಿಸಾಲ್ ಜಿಗೀಬೇಕು. ಬರಟೇರಿಯಾದ ಹಲವು ಡಾಲ್ಫಿನ್‌ಗಳಲ್ಲಿ ಏರಲೇ ಇಲ್ಲ. ಅವು ಧೈರ್ಯವಾಗಿದ್ದವು ಅಂತಲ್ಲ. ಅಡ್ರಿನಲ್ ಗ್ರಂಥಿಗೆ ಹಾರ್ಮೋನು ಬಿಡೋ ತಾಕತ್ತೇ ಹೋಗಿತ್ತು. ಅಂಥ ಪ್ರಾಣಿಗೆ ಸೋಂಕು ಬಂದ್ರೆ, ಚಳಿ ಜಾಸ್ತಿಯಾದ್ರೆ, ಹೆರಿಗೆ ಆದ್ರೆ, ತಡ್ಕೊಳ್ಳೋದು ಕಷ್ಟ.

ಹಾಸನದ ಆನೆ ಮತ್ತು ಬರಟೇರಿಯಾದ ಡಾಲ್ಫಿನ್, ಎರಡರ ರಿಪೋರ್ಟನ್ನೂ ಹೆಸರು ಮುಚ್ಚಿ ಮುಂದಿಟ್ರೆ ಎರಡರಲ್ಲೂ ಕಾಣೋದು 'ಕಡಿಮೆ' ಅನ್ನೋ ಒಂದೇ ಪದ. ಆನೆ ವಿಷಯದಲ್ಲಿ ಊಟದ ಗುಣಮಟ್ಟವನ್ನೂ, ಡಾಲ್ಫಿನ್ ವಿಷಯದಲ್ಲಿ ಶ್ವಾಸಕೋಶದ ಸ್ಕ್ಯಾನನ್ನೂ ಪಕ್ಕದಲ್ಲಿ ಇಟ್ಟಿದ್ದಕ್ಕೇ ಅರ್ಥ ಬಿಡಿಸಿಕೊಂಡಿದ್ದು.

ದರ್ಶಿನಿ ಬೋರ್ಡು, ದರ್ಶಿನಿ ಚೀಟಿ

ಇಲ್ಲಿಂದ ಮುಂದೆ ಜೀನ್‌ಗಳ ಮಾತು. ಒಂದು ದರ್ಶಿನಿ ಹೋಟೆಲ್ ನೆನಪು ಮಾಡ್ಕೊಳ್ಳಿ. ಗೋಡೆ ಮೇಲೆ ದೊಡ್ಡ ಬೋರ್ಡು: ಇಡ್ಲಿ, ವಡೆ, ಮಸಾಲೆ ದೋಸೆ, ಚೌಚೌ ಭಾತ್, ಕಾಫಿ. ಬೆಳಿಗ್ಗೆ ಏಳಕ್ಕೂ ಅದೇ ಬೋರ್ಡು, ಸಂಜೆ ಏಳಕ್ಕೂ ಅದೇ. ಅದು ಡಿಎನ್‌ಎ. ನಮ್ಮ ಒಂದೊಂದು ಜೀವಕೋಶದಲ್ಲೂ ಹೆಚ್ಚೂಕಡಿಮೆ ಇದೇ ಬೋರ್ಡು, ಅದರಲ್ಲಿ 20,000ದಷ್ಟು ಐಟಂ. ಕಣ್ಣಿನ ಕೋಶದಲ್ಲೂ ಅದೇ, ಯಕೃತ್ತಿನ ಕೋಶದಲ್ಲೂ ಅದೇ.

ಬೋರ್ಡು ನೋಡಿದ್ರೆ ಈ ಹೊತ್ತಲ್ಲಿ ಅಡುಗೆಮನೆಯಲ್ಲಿ ಏನಾಗ್ತಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಚೀಟಿ ನೋಡಬೇಕು. ಯಾವ ಐಟಂಗೆ ಎಷ್ಟು ಚೀಟಿ ಹೋಗಿದೆ? ಆ ಚೀಟಿನೇ ಆರ್‌ಎನ್‌ಎ. ಕೋಶಕ್ಕೆ ಯಾವ ಪ್ರೋಟೀನು ಬೇಕೋ ಆ ಜೀನ್‌ನ ನಕಲು ತೆಗೆದು ಆರ್‌ಎನ್‌ಎ ಚೀಟಿ ಕಳಿಸುತ್ತೆ. ಕೆಲಸ ಮುಗಿದ ಮೇಲೆ ಚೀಟಿ ಹರಿದು ಹೋಗುತ್ತೆ. ಯಾವ ಜೀನ್‌ನ ಚೀಟಿ ಎಷ್ಟು ಅಂತ ಎಣಿಸೋದಕ್ಕೇ ಜೀನ್ ಎಕ್ಸ್‌ಪ್ರೆಷನ್ ಅಧ್ಯಯನ ಅನ್ನೋದು.

ಈಗ ಇವತ್ತು ಗಲ್ಲಾಪೆಟ್ಟಿಗೆ ಕಲೆಕ್ಷನ್ ಕಡಿಮೆ ಬಂತು ಅನ್ನಿ. ಪಕ್ಕದ ಛತ್ರದಲ್ಲಿ ಮದುವೆ ಊಟ ಇದ್ದು, ಏರಿಯಾದವರೆಲ್ಲ ಹೊಟ್ಟೆ ತುಂಬ ಉಂಡಿರಬಹುದು. ಇಲ್ಲಾ, ಒಳಗೆ ಸ್ಟೌ ಕೆಟ್ಟಿರಬಹುದು. ಕಲೆಕ್ಷನ್ ಅಂಕಿ ಒಂದರಿಂದಲೇ ಹೇಳೋಕೆ ಆಗಲ್ಲ. ಆದರೆ ಅಡುಗೆಮನೆಯಿಂದ ಹೊರಟ ಚೀಟಿಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ್ರೆ, ಗ್ಯಾಸ್‌ನವನಿಗೆ ಚೀಟಿ, ರಿಪೇರಿಯವನಿಗೆ ಚೀಟಿ, ಮೆಡಿಕಲ್ ಶಾಪಿಗೆ ಚೀಟಿ ಸಿಕ್ರೆ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಕಾರ್ಟಿಸಾಲ್ ಅನ್ನೋದು ಕಲೆಕ್ಷನ್ ಅಂಕಿ. ಜೀನ್ ಎಕ್ಸ್‌ಪ್ರೆಷನ್ ಅನ್ನೋದು ಚೀಟಿಗಳ ಗುಡ್ಡೆ.

ಹಾಗಾದ್ರೆ ರಕ್ತನೇ ಯಾಕೆ? ಸಸ್ತನಿಗಳ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲ, ಅದು ಹೊಸ ಚೀಟಿ ಬರೆಯಲ್ಲ. ಆದರೆ ಬಿಳಿ ರಕ್ತಕಣಗಳು ಬರೀತಾವೆ. ಅವು ಬೀಟ್ ಪೊಲೀಸರ ಹಾಗೆ ಇಡೀ ದೇಹ ಸುತ್ತುತ್ತಾ ಇರ್ತಾವೆ. ಎಲ್ಲಿ ಸೋಂಕು, ಎಲ್ಲಿ ಉರಿಯೂತ, ಎಲ್ಲಿ ವಿಷ ಅಂತ ಅವಕ್ಕೆ ಬೇಗ ಗೊತ್ತಾಗುತ್ತೆ. ಒಂದು ಟ್ಯೂಬ್ ರಕ್ತದಲ್ಲಿ ಇಡೀ ಮೈಯ ಸುದ್ದಿ ಸಿಗೋ ಸಾಧ್ಯತೆ ಇರೋದು ಅದಕ್ಕೇ.

76 ಡಾಲ್ಫಿನ್‌ಗಳ ರಕ್ತ ಹೇಳಿದ್ದು

2013ರಿಂದ 2018ರವರೆಗೆ ಬರಟೇರಿಯಾ ಮತ್ತು ಸರಸೋಟಾದ 76 ಡಾಲ್ಫಿನ್‌ಗಳ ರಕ್ತದಲ್ಲಿ ಹೀಗೆ ಆರ್‌ಎನ್‌ಎ ಓದಿದ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. ಬರಟೇರಿಯಾ ಡಾಲ್ಫಿನ್‌ಗಳ ಚೀಟಿಗಳು ಬೇರೆ ಥರ ಇದ್ದವು. ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳಲ್ಲಿ ಬದಲಾವಣೆ, ಕೋಶದ ಚೌಕಟ್ಟನ್ನ ಹಿಡಿದಿಡೋ ಜೀನ್‌ಗಳಲ್ಲಿ ಬದಲಾವಣೆ, ಕೋಶಕ್ಕೆ ಶಕ್ತಿ ಒದಗಿಸೋ ಮೈಟೊಕಾಂಡ್ರಿಯಾದ ಕೆಲಸದಲ್ಲಿ ಏರುಪೇರು. 2013ರ ಮಾದರಿಗಳಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ತೈಲ ಸೋರಿದಾಗ ಅಲ್ಲೇ ಇದ್ದಿರಬಹುದಾದ ಡಾಲ್ಫಿನ್‌ಗಳಲ್ಲಿ ಎದ್ದು ಕಾಣ್ತಿತ್ತು.

ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಇದು. ಪಶುವೈದ್ಯರು ಸ್ಕ್ಯಾನ್ ಮಾಡಿ, ತೂಕ ನೋಡಿ, ಹಲ್ಲು ನೋಡಿ ಯಾವ ಯಾವ ತೊಂದರೆ ಪಟ್ಟಿ ಮಾಡಿದ್ದರೋ, ಅಂದ್ರೆ ಶ್ವಾಸಕೋಶ, ಹೃದಯ, ಗರ್ಭ ನಷ್ಟ, ಉರಿಯೂತ, ಅದಕ್ಕೆ ಸಂಬಂಧಪಟ್ಟ ಜೀನ್‌ಗಳೇ ರಕ್ತದಲ್ಲೂ ಏರುಪೇರಾಗಿದ್ದವು. ಹೀಗೆ ರಕ್ತದ ಮಾತು ಮತ್ತು ಡಾಕ್ಟರ ಮಾತು ಒಂದಕ್ಕೊಂದು ತಾಳೆ ಆಗ್ತಾ ಹೋದ್ರೆ, ಮುಂದೊಂದು ದಿನ ಸ್ಕ್ಯಾನಿಂಗ್ ಯಂತ್ರ ತಗೊಂಡು ಹೋಗೋಕಾಗದ ಕಡೆ ಬರೀ ಒಂದು ಟ್ಯೂಬ್ ರಕ್ತ ಸಾಕಾಗಬಹುದು. ರೋಗ ಮೈಮೇಲೆ ಕಾಣಿಸೋ ಮೊದಲೇ ಹಿಡೀಬಹುದು. ಕಾಡುಪ್ರಾಣಿ ವಿಷಯದಲ್ಲಿ ಇದಕ್ಕೆ ಬೆಲೆ ಜಾಸ್ತಿ. ಯಾಕಂದ್ರೆ ಕಾಯಿಲೆಯನ್ನ ಮುಚ್ಚಿಡೋದು ಅವುಗಳ ಸ್ವಭಾವ. ಕುಂಟಿದ್ರೆ, ಹಿಂದೆ ಬಿದ್ರೆ, ಬೇಟೆಗಾರ ಪ್ರಾಣಿ ಬಿಡಲ್ಲ.

ಮಿತಿಯನ್ನೂ ಹೇಳಬೇಕು. ಇದಿನ್ನೂ ರೋಗ ಪತ್ತೆಯ ಪರೀಕ್ಷೆ ಆಗಿಲ್ಲ, ಆ ದಾರಿಯಲ್ಲಿದೆ. ವಯಸ್ಸು, ಗಂಡೋ ಹೆಣ್ಣೋ, ಋತು, ಬಸಿರು, ಎಲ್ಲದಕ್ಕೂ ಚೀಟಿಗಳು ಬದಲಾಗ್ತವೆ. ಆರ್‌ಎನ್‌ಎ ಬಹಳ ಬೇಗ ಕೆಡುತ್ತೆ. ರಕ್ತ ತೆಗೆದ ಕೂಡಲೇ ಅದನ್ನ ಹಿಡಿದಿಡೋ ದ್ರಾವಣ ಇರೋ ಟ್ಯೂಬಿಗೆ ಹಾಕಿ, ಆಮೇಲೆ ತಣ್ಣಗೆ ಕಾಪಾಡಬೇಕು. ಜೊತೆಗೆ, 'ಸರಿ ಇರೋದು' ಅಂದ್ರೆ ಹೇಗಿರುತ್ತೆ ಅಂತ ಮೊದಲೇ ಗೊತ್ತಿರಬೇಕು. ಸರಸೋಟಾದ ದಾಖಲೆ ಇಲ್ಲದಿದ್ರೆ ಬರಟೇರಿಯಾದ ಅಂಕಿಗೆ ಬೆಲೆಯೇ ಇರ್ತಿರಲಿಲ್ಲ.

ನಮ್ಮಲ್ಲಿ ಇದು ಸಾಧ್ಯನಾ?

ನನ್ನ ಅಭಿಪ್ರಾಯದಲ್ಲಿ, ಅರ್ಧ ದಾರಿ ನಾವು ಈಗಾಗಲೇ ನಡೆದಿದೀವಿ. 2025ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ಆನೆ ಅಂದಾಜು ಲದ್ದಿಯಿಂದ ತೆಗೆದ ಡಿಎನ್‌ಎ ಮೇಲೆ ನಿಂತಿದೆ. 21,056 ಲದ್ದಿ ಮಾದರಿ. ದೇಶದಲ್ಲಿ 22,446 ಆನೆ, ಅದರಲ್ಲಿ 6,013 ಕರ್ನಾಟಕದಲ್ಲಿ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅಂದ್ರೆ ಕಾಡಲ್ಲಿ ನಡೆದು ಲದ್ದಿ ಆರಿಸಿ ತರೋ ಸಿಬ್ಬಂದಿ ನಮ್ಮಲ್ಲಿದ್ದಾರೆ. ಬೋರ್ಡು ಓದೋದು ಕಲಿತಾಗಿದೆ.

ಚೀಟಿ ಓದೋಕೆ ರಕ್ತ ಬೇಕು. ಅದಕ್ಕಾಗಿಯೇ ಯಾವ ಆನೆಗೂ ಅರಿವಳಿಕೆ ಕೊಡಬೇಕಿಲ್ಲ. ಹಾಸನದಲ್ಲಿ ರೇಡಿಯೋ ಕಾಲರ್ ಹಾಕೋಕೆ, ಸೆರೆ ಹಿಡಿಯೋಕೆ ಅಂತ ಹೇಗೂ ಆನೆಗಳನ್ನ ಮಲಗಿಸ್ತಾರೆ. ಆಗ ಕಿವಿಯ ನರದಿಂದ ಒಂದು ಟ್ಯೂಬ್ ರಕ್ತ ಎತ್ತಿಡೋದು ಕೆಲವೇ ನಿಮಿಷದ ಕೆಲಸ. ಹೋಲಿಕೆಗೆ ದುಬಾರೆ, ಸಕ್ರೆಬೈಲಿನಂಥ ಶಿಬಿರಗಳ ಆನೆಗಳಿವೆ. ಅವುಗಳ ವಯಸ್ಸು, ಊಟ, ಕಾಯಿಲೆ, ಎಲ್ಲ ಮಾವುತರಿಗೆ, ಡಾಕ್ಟರಿಗೆ ಗೊತ್ತಿರುತ್ತೆ. ಶಿಬಿರದ ಊಟ, ಕೆಲಸ ಬೇರೆ, ಹಾಗಾಗಿ ಕಾಡಿನ ಆನೆಗೆ ಪೂರ್ತಿ ಸಮ ಅಲ್ಲ. ಆದ್ರೂ ಶುರು ಮಾಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆಗ ಹಾಸನದ ಆ 'ಕಡಿಮೆ' ನಿಜವಾಗ್ಲೂ ನೆಮ್ಮದಿಯದ್ದಾ, ಅಥವಾ ವರ್ಷಗಟ್ಟಲೆ ಅಟ್ಟಿಸಿಕೊಂಡು ಸುಸ್ತಾದ ಗ್ರಂಥಿಯದ್ದಾ, ತೋಟದ ಕೀಟನಾಶಕ ಏನಾದ್ರೂ ಒಳಗೆ ಕೆಲಸ ಮಾಡ್ತಿದ್ಯಾ ಅಂತ ಬೇರೆ ಬೇರೆ ಮಾಡಿ ನೋಡಬಹುದು. ಈ ಉತ್ತರಗಳ ಮೇಲೆ ಹಿಡೀಬೇಕಾ, ಬಿಡಬೇಕಾ, ಎಲ್ಲಿ ಬಿಡಬೇಕು ಅನ್ನೋದು ನಿಂತಿದೆ.

ಕಡಲಿನ ಮಾತೂ ಅಷ್ಟೇ. ಕಾರವಾರದ ಹತ್ತಿರ ಡಾಲ್ಫಿನ್ ನೋಡೋಕೆ ದೋಣಿಯಲ್ಲಿ ಹೋಗಿಬಂದವರು ನಿಮ್ಮಲ್ಲೂ ಇರ್ತೀರಿ. 2025ರ ಮೇ 25ರಂದು ಕೊಚ್ಚಿ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಅದೂ ಇದೇ ಅರಬ್ಬಿ ಸಮುದ್ರ. ಅವಘಡ ಆದ ಮೇಲೆ ರಕ್ತ ತೆಗೆದ್ರೆ ಹೋಲಿಸೋಕೆ ಏನೂ ಇರಲ್ಲ. ಮೊದಲೇ ತೆಗೆದಿಟ್ಟಿರಬೇಕು.

ಕೆಂಗೇರಿ ಕಡೆಯವರು ಕೇಳಬಹುದು, ಆನೆ, ಡಾಲ್ಫಿನ್ ಎಲ್ಲ ಸರಿ, ನಮಗೇನು ಅಂತ. ನಿಮ್ಮ ಮನೆ ಪಕ್ಕದಲ್ಲೇ ವೃಷಭಾವತಿ ಹರೀತಿದೆ. ರಾಜಾಜಿನಗರ, ಬಸವೇಶ್ವರನಗರ, ಮೈಸೂರು ರಸ್ತೆ, ಕೆಂಗೇರಿ, ಎಲ್ಲರ ಕೊಳಚೆ, ಕಾರ್ಖಾನೆ ನೀರು ಹೊತ್ತು ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಆ ನೀರಿನಲ್ಲಿ ಬೆಳೆದ ಹುಲ್ಲನ್ನ ಹಸು ತಿನ್ನುತ್ತೆ, ಕೊಕ್ಕರೆ ಅಲ್ಲೇ ಮೀನು ಹಿಡಿಯುತ್ತೆ. ನೀರಿನ ಪರೀಕ್ಷೆ ಮಾಡಿದ್ರೆ ಅದರಲ್ಲಿ ಸೀಸ ಎಷ್ಟು, ಕ್ರೋಮಿಯಂ ಎಷ್ಟು ಅಂತ ಗೊತ್ತಾಗುತ್ತೆ. ಆ ಸೀಸ, ಆ ಕ್ರೋಮಿಯಂ ಒಳಗೆ ಹೋಗಿ ಏನು ಮಾಡ್ತು ಅನ್ನೋದನ್ನ ಹೇಳಬೇಕಾದ್ದು ಆ ನೀರು ಕುಡಿದ ಪ್ರಾಣಿಯ ದೇಹ. ಡಾಲ್ಫಿನ್‌ಗಾಗಿ ಕಲಿತ ವಿದ್ಯೆ ಬೈರಮಂಗಲದ ಹಸುವಿಗೂ ಆಗುತ್ತೆ. ಹಸುವನ್ನ ಬಲೆ ಹಾಕಿ ಹಿಡಿಯೋ ಕಷ್ಟವೂ ಇಲ್ಲ.

ಇವತ್ತಿಗೆ ಇಷ್ಟು. ನಿಮ್ಮದೇ ಬ್ಲಡ್ ರಿಪೋರ್ಟ್ ಬಂದಾಗಲೂ ಒಂದು ಅಂಕಿ ಕೆಳಗೆ ಗೆರೆ ಎಳೆದಿರೋದು ನೋಡಿ ಖುಷಿನೂ ಪಡಬೇಡಿ, ಗಾಬರಿನೂ ಆಗಬೇಡಿ. ಅದರ ಪಕ್ಕ ಇನ್ನೇನಿದೆ ಅಂತ ಡಾಕ್ಟರ್ ಹತ್ರ ಕೇಳಿ. ಪ್ರಶ್ನೆಗಳಿದ್ರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡ್ತೀನಿ.